ಅಧಿಕೃತ ದೋಷ

ದ್ವಿಚಕ್ರ ವಾಹನ ದುರಸ್ತಿಗಾರರ ಪರೀಕ್ಷಾ ಕೇಂದ್ರದ ಆಸ್ತಿಪಟ್ಟಿಯಲ್ಲಿ ಒಂದು ಮೋಟಾರ್ ಸೈಕಲ್ ಮತ್ತು ಒಂದು ದೋಷ ಬೇರೆ ಬೇರೆಯಾಗಿ ನಮೂದಾಗಿವೆ. ಮೋಟಾರ್ ಸೈಕಲ್ಲಿನ ಬೆಲೆ ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ. ದೋಷದ ಬೆಲೆ ಏರುತ್ತದೆ. ಲೆಕ್ಕಪರಿಶೋಧಕರು ಇದಕ್ಕೆ ಆಕ್ಷೇಪವೆತ್ತಿದ ನಿದರ್ಶನವಿಲ್ಲ.

ದೋಷದ ಸ್ವರೂಪ ಹೀಗಿತ್ತು. ಬ್ರೇಕ್ ಒತ್ತಿದಾಗ ಹಿಂದಿನ ಕೆಂಪು ದೀಪ ಹತ್ತುತ್ತಿರಲಿಲ್ಲ. ಅದರ ಬದಲು ಎಡಬಲದ ಎರಡೂ ಇಂಡಿಕೇಟರ್‌ಗಳು ಮಂಕಾಗಿ ಉರಿಯುತ್ತಿದ್ದವು. ಪರೀಕ್ಷಾರ್ಥಿಯು ಇದರ ಕಾರಣವನ್ನು ಹೇಳಬೇಕಿತ್ತು. ಸರಿಯಾದ ಉತ್ತರ: ಬಲ್ಬ್. ಕೇಂದ್ರದ ಮೊದಲ ಪ್ರಾಂಶುಪಾಲರು ಉದ್ಘಾಟನೆಯ ದಿನ, ಊಟಕ್ಕೆ ಹೊರಡುವ ಅವಸರದಲ್ಲಿ, ಹಾಗೆಂದಿದ್ದರು. ಅಂದಿನಿಂದ ಅದು ಪಠ್ಯಕ್ರಮ. ಪರೀಕ್ಷಾರ್ಥಿ ಕೇಂದ್ರದ ಮಾರಾಟದ ಕಿಟಕಿಯಲ್ಲಿ ಹೊಸ ಬಲ್ಬ್ ಕೊಂಡು, ಹಳೆಯದನ್ನು ಬಿಚ್ಚಿ, ಹೊಸದನ್ನು ಹಾಕಿ, "ಬಲ್ಬ್" ಎಂದು ಹೇಳಿ ತೇರ್ಗಡೆಯಾಗುತ್ತಿದ್ದ. ಹೊಸ ಬಲ್ಬ್ ಹಾಕಿದ ಮೇಲೆ ದೀಪ ಹತ್ತಿತೇ ಎಂದು ನೋಡುವುದು ಪರೀಕ್ಷೆಯ ಭಾಗವಾಗಿರಲಿಲ್ಲ. ಹಾಗೆ ನೋಡುತ್ತ ಕುಳಿತರೆ ಮುಂದಿನವರಿಗೆ ತಡವಾಗುತ್ತಿತ್ತು. ಬಲ್ಬ್ ಮಾರುವ ಗುತ್ತಿಗೆ ಈಗಿನ ಪ್ರಾಂಶುಪಾಲರ ಷಡ್ಡಕನದು. ಬಿಚ್ಚಿದ ಬಲ್ಬುಗಳನ್ನು ಒರೆಸಿ ಮತ್ತೆ ಕಿಟಕಿಯಲ್ಲಿಡುವ ಶ್ರಮವೂ ಅವನದೇ.

ಈ ವ್ಯವಸ್ಥೆ ಯಾವ ಅಡಚಣೆಯೂ ಇಲ್ಲದೆ ನಡೆದುಕೊಂಡು ಬರುತ್ತಿರುವಾಗ, ಗ್ಯಾರೇಜಿನವರೊಬ್ಬರ ಸೊಸೆ ಪರೀಕ್ಷೆಗೆ ಬಂದಳು.

ಅವಳ ಮಾವನವರು ನುರಿತ ಮೆಕ್ಯಾನಿಕ್. ಇತ್ತೀಚೆಗೆ ಅವರ ಬಲಗೈ ಸ್ವಾಧೀನ ತಪ್ಪಿತ್ತು. ಪ್ರಮಾಣಪತ್ರ ಪಡೆದವರ ಕೈ ಕೆಲಸ ಮಾಡದಿದ್ದಲ್ಲಿ ಪ್ರಮಾಣಪತ್ರವೂ ಕೆಲಸ ಮಾಡತಕ್ಕದ್ದಲ್ಲ ಎಂಬ ನಿಯಮದಂತೆ ಗ್ಯಾರೇಜಿನ ಷಟರ್ ಎಳೆದು ಮುದ್ರೆ ಹಾಕಲಾಗಿತ್ತು. ತಿಂಗಳು ಮುಗಿಯುವುದರೊಳಗೆ ಮನೆಯ ಮತ್ತೊಬ್ಬರು ಪ್ರಮಾಣಪತ್ರ ತರದಿದ್ದರೆ ಮಳಿಗೆಯನ್ನು ಅರ್ಜಿ ಹಾಕಿದ ಮುಂದಿನವರಿಗೆ ಕೊಡಬೇಕು. ಅರ್ಜಿ ಹಾಕಿದವನು ಒಬ್ಬನೇ. ಅವನಿಗೆ ಬಲ್ಬುಗಳನ್ನಿಡಲು ಜಾಗ ಸಾಲುತ್ತಿರಲಿಲ್ಲ. ಗಂಡ ದೂರದೂರಿಗೆ ಲಾರಿ ಓಡಿಸುತ್ತಿದ್ದ, ಮನೆ ನಡೆಯುತ್ತಿದ್ದುದು ಗ್ಯಾರೇಜಿನಿಂದ. ಆದ್ದರಿಂದ ಮಾವನವರ ಪಕ್ಕದಲ್ಲಿ ಕುಳಿತು ಕೆಲಸ ಕಲಿತಿದ್ದ ಸೊಸೆ ಬಂದಳು.

ಅವಳು ಕಿಟಕಿಯ ಬಳಿ ನಿಲ್ಲಲಿಲ್ಲ. ಮೋಟಾರ್ ಸೈಕಲ್ಲಿನ ಹಿಂಭಾಗಕ್ಕೆ ಹೋಗಿ ಕುಕ್ಕರಗಾಲಲ್ಲಿ ಕುಳಿತಳು. ದೀಪದ ಡಬ್ಬಿಯ ಕೆಳಗೆ, ಕರೆಂಟು ಹಿಂದಿರುಗಿ ಹೋಗುವ ಅರ್ತಿಂಗ್ ತಂತಿಯನ್ನು ಚೌಕಟ್ಟಿಗೆ ಬಿಗಿದ ಸ್ಕ್ರೂ ತುಕ್ಕು ಹಿಡಿದಿತ್ತು. ತನ್ನ ದಾರಿ ಮುಚ್ಚಿದ್ದರಿಂದ ಕರೆಂಟು ಪಕ್ಕದ ದೀಪಗಳೊಳಗೆ ನುಗ್ಗಿ ಹೋಗುತ್ತಿತ್ತು. ಅವಳು ಜೇಬಿನಿಂದ ಸ್ಯಾಂಡ್ ಪೇಪರ್ ತೆಗೆದು ತುಕ್ಕನ್ನು ಉಜ್ಜಿ, ಸ್ಕ್ರೂ ಬಿಗಿದು, ಬ್ರೇಕ್ ಒತ್ತಿದಳು. ಕೆಂಪು ದೀಪ ಹತ್ತಿತು.

ಪರೀಕ್ಷಕರು ಕುರ್ಚಿಯಿಂದ ಎದ್ದರು. ಸೇವೆಗೆ ಸೇರಿದ ಮೇಲೆ ಆ ದೀಪ ಹತ್ತಿದ್ದನ್ನು ಅವರು ಕಂಡಿರಲಿಲ್ಲ.

"ಏನಮ್ಮಾ ಇದು?"

"ದೀಪ ಸಾರ್."

"ದೀಪ ಅಂತ ನನಗೂ ಕಾಣತ್ತೆ. ಯಾಕೆ ಹತ್ತಿದೆ?"

"ಬ್ರೇಕ್ ಒತ್ತಿದೀನಿ, ಅದಕ್ಕೆ."

"ಅದು ಹತ್ತೋ ದೀಪ ಅಲ್ಲಮ್ಮಾ," ಎಂದರು ಪರೀಕ್ಷಕರು, ಬಹಳ ಮೃದುವಾಗಿ, ಆಸ್ಪತ್ರೆಯಲ್ಲಿ ಮಾತನಾಡುವವರಂತೆ.

ಅಂದೇ ಸಂಜೆ ಸೂಚನಾ ಫಲಕದ ಮೇಲೆ ಪ್ರಕಟಣೆ ಕಾಣಿಸಿಕೊಂಡಿತು. "ಪರೀಕ್ಷಾರ್ಥಿಯೊಬ್ಬರು ಕೇಂದ್ರದ ಸ್ವತ್ತಾದ ದೋಷವನ್ನು ಅನುಮತಿಯಿಲ್ಲದೆ ನಿವಾರಿಸಿರುವುದು ಮೇಲ್ನೋಟಕ್ಕೆ ಸಾಬೀತಾಗಿದೆ. ದೋಷವನ್ನು ಯಥಾಸ್ಥಿತಿಗೆ ತರುವವರೆಗೆ ಆಕೆಯ ಫಲಿತಾಂಶವನ್ನು ತಡೆಹಿಡಿಯಲಾಗಿದೆ. ದೋಷದ ಅಭಾವದಿಂದಾಗಿ ಉಳಿದ ಪರೀಕ್ಷೆಗಳನ್ನೂ ಮುಂದೂಡಲಾಗಿದ್ದು, ಸಂಬಂಧಪಟ್ಟವರು ತಾಳ್ಮೆಯಿಂದ ಸಹಕರಿಸತಕ್ಕದ್ದು."

ದೋಷವನ್ನು ಮರಳಿ ತರುವ ಹೊಣೆ ಉಗ್ರಾಣದ ಅಧಿಕಾರಿಯ ಮೇಲೆ ಬಿತ್ತು. ಅವರು ಕರ್ತವ್ಯನಿಷ್ಠರು. ಮೊದಲು ಸಿಕ್ಕಿದ ತಂತಿಯೊಂದನ್ನು ಕತ್ತರಿಸಿದರು. ಯಾವ ದೀಪವೂ ಹತ್ತಲಿಲ್ಲ. ಇಷ್ಟು ದೋಷಕ್ಕೆ ಮಂಜೂರಾತಿ ಇಲ್ಲವೆಂದು ಪ್ರಾಂಶುಪಾಲರು ತಿರಸ್ಕರಿಸಿದರು. ಅನಂತರ ದೋಷ ಪೂರೈಕೆಗಾಗಿ ಟೆಂಡರ್ ಕರೆಯಲಾಯಿತು. ಅತಿ ಕಡಿಮೆ ದರ ನಮೂದಿಸಿದವನು ಪ್ರಾಂಶುಪಾಲರ ಷಡ್ಡಕ. ಅವನು ಪೂರೈಸಿದ ದೋಷದಲ್ಲಿ ಬ್ರೇಕ್ ಒತ್ತಿದರೆ ಹಾರ್ನ್ ಕೂಗುತ್ತಿತ್ತು. ಮಾದರಿಗೆ ಹೊಂದದಿದ್ದರೂ, ಶ್ರಮವನ್ನು ಪರಿಗಣಿಸಿ ಬಿಲ್ ಪಾವತಿಸಲಾಯಿತು. ಉಪ್ಪುನೀರು ಸುರಿದು ತುಕ್ಕು ಬರಿಸುವ ಪ್ರಸ್ತಾವವೂ ಬಂದಿತ್ತು. ತುಕ್ಕು ಕಚೇರಿಯ ವೇಳೆಯಲ್ಲೇ ಬರುತ್ತದೆಂದು ಯಾರೂ ಖಾತರಿ ಕೊಡಲಿಲ್ಲವಾದ್ದರಿಂದ ಅದನ್ನು ಕೈಬಿಡಲಾಯಿತು.

ತಿಂಗಳು ಮುಗಿಯುತ್ತ ಬಂದಿತ್ತು. ಷಡ್ಡಕ ಅಳತೆಪಟ್ಟಿ ಹಿಡಿದು ಬಂದು ಗ್ಯಾರೇಜಿನ ಷಟರಿನ ಅಗಲವನ್ನು ಎರಡು ಸಲ ಅಳೆದು, ಒಂದು ಲೋಟ ನೀರು ಕೇಳಿ ಕುಡಿದು ಹೋದ. ಸೊಸೆ ಲೋಟವನ್ನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೊಳೆದಳು.

ಮಾವನವರು ಬಾಗಿಲ ಬಳಿಯ ಕುರ್ಚಿಯಲ್ಲಿ, ಬಲಗೈಯನ್ನು ಯಾರದೋ ವಸ್ತುವಿನಂತೆ ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು.

"ನಿನಗೆ ಅಲ್ಲಿ ಏನು ಕಾಣಿಸ್ತಮ್ಮಾ?"

"ಅರ್ತಿಂಗ್ ಸ್ಕ್ರೂ ತುಕ್ಕು ಹಿಡಿದಿತ್ತು ಮಾವ."

"ನನಗೂ ಅದೇ ಕಾಣಿಸಿತ್ತು."

ಸೊಸೆ ತಿರುಗಿ ನೋಡಿದಳು. "ಮತ್ತೆ ನೀವೇನು ಹೇಳಿದ್ರಿ?"

"ಬಲ್ಬ್ ಅಂದೆ. ಹೆಂಡತಿ ಮಕ್ಕಳು ಇದ್ರಲ್ಲ." ಎಡಗೈಯಿಂದ ಬಲಗೈಯನ್ನು ಸರಿಸಿಟ್ಟುಕೊಂಡು ಸೇರಿಸಿದರು: "ಎಲ್ಲರೂ ಹಾಗೇ ಅಂದಿರೋದು. ಕಣ್ಣಿಲ್ಲದೋರು ಯಾರೂ ಪರೀಕ್ಷೆಗೆ ಹೋಗಿಲ್ಲಮ್ಮಾ."

ಮರುದಿನ ಸೊಸೆ ಒಂದು ಪುಟ್ಟ ಡಬ್ಬಿ ಬಣ್ಣ ಮತ್ತು ಬ್ರಷ್ ತೆಗೆದುಕೊಂಡು ಕೇಂದ್ರಕ್ಕೆ ಹೋದಳು. ಸ್ಕ್ರೂ ಬಿಚ್ಚಿ, ತಂತಿಯ ತುದಿಗೂ ಚೌಕಟ್ಟಿಗೂ ಸ್ಕ್ರೂವಿಗೂ ಬಣ್ಣ ಬಳಿದು, ಒಣಗಿದ ಮೇಲೆ ಬಿಗಿದಳು. ಬಣ್ಣವನ್ನು ದಾಟಿ ಕರೆಂಟು ಹೋಗುವುದಿಲ್ಲ. ಬ್ರೇಕ್ ಒತ್ತಿದಾಗ ಕೆಂಪು ದೀಪ ಹತ್ತಲಿಲ್ಲ. ಇಂಡಿಕೇಟರ್‌ಗಳು ಮಂಕಾಗಿ ಉರಿದವು. ಉಗ್ರಾಣದ ಅಧಿಕಾರಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಹಳೆಯ ದೋಷಕ್ಕಿಂತ ಹೊಸದು ಅಚ್ಚುಕಟ್ಟಾಗಿದೆಯೆಂದೂ, ತುಕ್ಕಿನಂತೆ ಉದುರುವ ಭಯವಿಲ್ಲವೆಂದೂ ಪರೀಕ್ಷಕರು ಪ್ರಶಂಸಿಸಿದರು.

ಪ್ರಾಂಶುಪಾಲರು ಸ್ವತಃ ಬಂದು ನಿಂತರು. "ಈಗ ಹೇಳಮ್ಮ. ದೋಷ ಯಾವುದರಲ್ಲಿದೆ?"

ಸೊಸೆಯ ಕೈಯಲ್ಲಿ ಬ್ರಷ್ ಇನ್ನೂ ಇತ್ತು. ಅವಳು ಅದನ್ನು ನೋಡಿದಳು.

"ಬಲ್ಬಲ್ಲಿ ಸಾರ್."

"ಸ್ವಲ್ಪ ಗಟ್ಟಿಯಾಗಿ."

"ಬಲ್ಬಲ್ಲಿ."

"ನೋಡು, ಈ ಮಾತು ಮೊದಲೇ ಬಂದಿದ್ದರೆ ಎಷ್ಟು ಜನಕ್ಕೆ ಅನುಕೂಲ ಆಗ್ತಿತ್ತು," ಎಂದು ಪ್ರಾಂಶುಪಾಲರು ಪ್ರಮಾಣಪತ್ರಕ್ಕೆ ಸಹಿ ಹಾಕಿದರು. ಕಿಟಕಿಯಲ್ಲಿ ಅವಳು ಒಂದು ಬಲ್ಬನ್ನೂ ಕೊಳ್ಳಬೇಕಾಯಿತು. ಅದಿಲ್ಲದೆ ಉತ್ತರ ಪೂರ್ಣವಾಗುವುದಿಲ್ಲ.

ಷಟರಿನ ಮುದ್ರೆ ಒಡೆಯಿತು. ಮೊದಲ ಗಿರಾಕಿಯಾಗಿ ಅಂಚೆಯವರು ತಮ್ಮ ಮೋಟಾರ್ ಸೈಕಲ್ ತಂದರು. ಅವರದೂ ಅದೇ ತೊಂದರೆ. ಪರೀಕ್ಷಾ ಕೇಂದ್ರದಲ್ಲಿ ಏನು ಹೇಳಬೇಕೆಂಬುದಕ್ಕೆ ನಿಯಮವಿತ್ತೇ ಹೊರತು ಸ್ವಂತ ಗ್ಯಾರೇಜಿನಲ್ಲಿ ಏನು ಮಾಡಬೇಕೆಂಬುದಕ್ಕೆ ಇರಲಿಲ್ಲ. ಸೊಸೆ ತುಕ್ಕು ಉಜ್ಜಿದಳು. ಕೆಂಪು ದೀಪ ಹತ್ತಿತು. ಅಂಚೆಯವರು ಸಂತೋಷದಿಂದ ಹೋದರು.

ಇಲ್ಲಿ ನಗರದ ರಸ್ತೆಗಳ ಸ್ಥಿತಿಯನ್ನು ತಿಳಿಸುವುದು ಅವಶ್ಯ. ಅಲ್ಲಿನ ಮೆಕ್ಯಾನಿಕ್‌ಗಳೆಲ್ಲ ಒಂದೇ ಕೇಂದ್ರದಲ್ಲಿ ತೇರ್ಗಡೆಯಾದವರು. ಯಾವ ವಾಹನದ ಸ್ಕ್ರೂ ತುಕ್ಕು ಹಿಡಿದರೂ ಅವರು ಅಭ್ಯಾಸಬಲದಿಂದ ಬಲ್ಬನ್ನೇ ಬದಲಾಯಿಸುತ್ತ ಬಂದಿದ್ದರು. ಪರಿಣಾಮವಾಗಿ ಬಹುಪಾಲು ವಾಹನಗಳಲ್ಲಿ ಕೆಂಪು ದೀಪ ಹತ್ತುತ್ತಿರಲಿಲ್ಲ. ಮುಂದಿನವನ ಎರಡೂ ಇಂಡಿಕೇಟರ್ ಮಂಕಾಗಿ ಉರಿದರೆ ಹಿಂದಿನವನು ವೇಗ ತಗ್ಗಿಸುತ್ತಿದ್ದ. ಇದನ್ನು ಯಾರೂ ಕಲಿಸಿರಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಅಂಚೆಯವರು ನಾಲ್ಕು ರಸ್ತೆ ಕೂಡುವಲ್ಲಿ ಬ್ರೇಕ್ ಹಾಕಿದರು. ಕೆಂಪು ದೀಪ ಚೆನ್ನಾಗಿ ಹತ್ತಿತು. ಹಿಂದೆ ಬರುತ್ತಿದ್ದ ಪ್ರಾಂಶುಪಾಲರು ನೇರವಾಗಿ ಗುದ್ದಿದರು. ಅವರ ಹೆಗಲಿನ ಎಲುಬು ಮುರಿಯಿತು. ಅಂಚೆಯವರ ಬೆನ್ನಿಗೆ ಪೆಟ್ಟಾಯಿತು. ಪ್ರಾಂಶುಪಾಲರು ಹೇಳಿಕೆ ಕೊಟ್ಟರು: ಮುಂದಿನ ವಾಹನದ ಇಂಡಿಕೇಟರ್‌ಗಳು ಉರಿಯಲಿಲ್ಲವಾದ್ದರಿಂದ ಅದು ನಿಲ್ಲುವುದಿಲ್ಲವೆಂದು ನಂಬಿದೆ, ಕೆಂಪು ದೀಪವೊಂದು ಹತ್ತಿದ್ದು ನಿಜ, ಅಲಂಕಾರಕ್ಕೆಂದು ಭಾವಿಸಿದೆ.

ವಿಚಾರಣೆ ತ್ವರಿತವಾಗಿ ಮುಗಿಯಿತು. ಸಾರಿಗೆ ಕಚೇರಿಯ ಸುತ್ತೋಲೆ ಹೊರಬಂತು. "ಎಡಬಲದ ಎರಡೂ ದೀಪಗಳು ಮಂಕಾಗಿ ಉರಿಯುವುದನ್ನು ನಿಲ್ಲುವ ಸೂಚನೆಯೆಂದು ಪರಿಗಣಿಸತಕ್ಕದ್ದು. ಬ್ರೇಕ್ ಒತ್ತಿದಾಗ ಕೆಂಪು ದೀಪ ಹತ್ತುವ ವಾಹನಗಳು ಸಾರ್ವಜನಿಕರಿಗೆ ತಪ್ಪು ತಿಳಿವಳಿಕೆ ನೀಡುತ್ತವೆ. ಹೊಸ ವಾಹನಗಳೂ ಸೇರಿದಂತೆ ಎಲ್ಲವನ್ನೂ ಪ್ರಮಾಣಪತ್ರ ಪಡೆದ ಮೆಕ್ಯಾನಿಕ್‌ಗಳಲ್ಲಿ ಸರಿಪಡಿಸಿಕೊಳ್ಳತಕ್ಕದ್ದು. ತಪ್ಪಿದ ಮೆಕ್ಯಾನಿಕ್‌ಗಳ ಮಳಿಗೆಗೆ ಮುದ್ರೆ ಹಾಕಲಾಗುವುದು."

ಸುತ್ತೋಲೆಯ ಪ್ರತಿಯನ್ನು ಷಡ್ಡಕನೇ ಗ್ಯಾರೇಜಿಗೆ ತಂದುಕೊಟ್ಟ. ಅಳತೆಪಟ್ಟಿ ಅವನ ಜೇಬಿನಲ್ಲಿತ್ತು.

ಅವನ ಹಿಂದೆಯೇ ಅಂಚೆಯವರು ಸೊಂಟ ಹಿಡಿದುಕೊಂಡು, ವಾಹನವನ್ನು ತಳ್ಳುತ್ತ ಬಂದರು.

"ಅಮ್ಮಾ, ಇದು ಹತ್ತದ ಹಾಗೆ ಮಾಡಿಕೊಡಿ. ಹಿಂದೆ ಬರೋರಿಗೆ ತೊಂದರೆ ಆಗ್ತಿದೆ."

"ಪೆಟ್ಟು ಬಿದ್ದಿದ್ದು ನಿಮ್ಮ ಬೆನ್ನಿಗಲ್ವಾ?"

"ಬಿತ್ತು. ಆದರೆ ದೀಪ ನನ್ನದಲ್ವಾ. ತಪ್ಪು ನನ್ನದೇ ಅಂತ ಬರೆದುಕೊಟ್ಟಿದೀನಿ."

ಸೊಸೆ ಮಾವನವರ ಕಡೆ ನೋಡಿದಳು. ಅವರು ಷಡ್ಡಕ ನಿಂತಿದ್ದ ಜಾಗವನ್ನು ನೋಡುತ್ತಿದ್ದರು. ಅವಳು ಸ್ಕ್ರೂ ಬಿಚ್ಚಿ, ಬಣ್ಣದ ಡಬ್ಬಿಯ ಮುಚ್ಚಳ ತೆಗೆದಳು.

ಅಂಚೆಯವರ ಹಿಂದೆ ವಾಹನಗಳು ಸಾಲುಗಟ್ಟುತ್ತಿದ್ದವು. ಕೆಲವು ಶೋರೂಮಿನಿಂದ ನೇರವಾಗಿ ಬಂದವು. ಅವುಗಳ ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನು ಇನ್ನೂ ತೆಗೆದಿರಲಿಲ್ಲ. ಯಾರೂ ಗೊಣಗಲಿಲ್ಲ. ದೋಷವಿಲ್ಲದ ವಾಹನಗಳನ್ನು ಮಾರಾಟ ಮಾಡುವ ಕಂಪನಿಗಳ ಬೇಜವಾಬ್ದಾರಿಯ ಬಗ್ಗೆ ಒಬ್ಬಿಬ್ಬರು ಮಾತನಾಡಿಕೊಂಡರು, ಅಷ್ಟೆ.

ಬಣ್ಣ ಒಣಗಿತು. ಸೊಸೆ ಸ್ಕ್ರೂ ಬಿಗಿದಳು. ಮಾವನವರು ಕುರ್ಚಿಯಿಂದ ಮುಂದಕ್ಕೆ ಬಾಗಿ, ಎಡಗೈಯಿಂದ ಅಂಚೆಯವರ ಮೋಟಾರ್ ಸೈಕಲ್ಲಿನ ಬ್ರೇಕ್ ಪೆಡಲನ್ನು ಒತ್ತಿ ಹಿಡಿದು, ಕತ್ತು ಚಾಚಿ ಹಿಂದಿನ ದೀಪಗಳನ್ನು ನೋಡಿದರು.

"ಸರಿಯಾಯ್ತಮ್ಮಾ," ಎಂದರು. "ಮುಂದಿನೋರನ್ನ ಕರಿ."