ಗಂಟಿನ ನೀರಿಗೂ ಕೊಸರು

ಬ್ರಹ್ಮಾವರದ ನಮ್ಮ ಪುಟ್ಟ ಲ್ಯಾಬಿನವರು ನಗು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅದೇ ಕುಂಟುತ್ತಾ ಬಾಗಿಲಿಗೆ ಬರುತ್ತದೆ. ನೋಯುವ ಮೊಣಕಾಲಿನಿಂದ ತೆಗೆದ ನೀರಿನಲ್ಲಿ ಕಾಂಡಕೋಶಗಳನ್ನು ಬಿಟ್ಟು, ಅವು ಸವೆದ ಮೆದು ಎಲುಬನ್ನು ಮತ್ತೆ ಕಟ್ಟಬಲ್ಲವೇ ಎಂದು ನೋಡುವುದು ನಮ್ಮ ಕೆಲಸ. ಅಲ್ಲಿಯವರೆಗೆ ಒಂದರಲ್ಲೂ ಕಟ್ಟಿರಲಿಲ್ಲ. "ಇನ್ನೊಬ್ಬರದು ನೋಡೋಣ. ಅದೂ ಆಗದಿದ್ದರೆ ಈ ಕೆಲಸ ನಿಲ್ಲಿಸಿಬಿಡೋಣ" ಎಂದಿದ್ದರು ನಮ್ಮ ಮೇಡಂ.

೧. ಕೊಸರು

ಆ ಇನ್ನೊಬ್ಬರು ಗಂಗೊಳ್ಳಿಯ ಮೀನು ಮಾರುವ ಅಕ್ಕ. ಮೊಣಕಾಲು ಊದಿ, ಮೀನಿನ ಬುಟ್ಟಿಯ ಹಿಂದೆ ಮಣೆ ಹಾಕಿ ಕೂರಲಾಗದೆ ಕುಂದಾಪುರದ ಆಸ್ಪತ್ರೆಗೆ ಬಂದಿದ್ದರು. ನೀರು ತೆಗೆದ ಡಾಕ್ಟರು ಸಿರಿಂಜ್ ಹೊರಗೆಳೆಯಲು ಹೊರಟರೆ ಅಕ್ಕ ತಡೆದರು.

"ನಿಲ್ಲಿ ಡಾಕ್ಟ್ರೆ! ಕೊಸರ್ ಹಾಕ್ದೆ ನಾನ್ ಯಾರನ್ನೂ ಕಳ್ಸುದಿಲ್ಲ. ಇನ್ನೊಂಚೂರ್ ತಕಣಿ!"

೨. ತಾಜಾ ಮಾಲು

ಅಷ್ಟು ಕೊಸರು ಸಿಕ್ಕರೂ ಕೋಶಗಳು ಸೊರಗಿದವು. "ಊದಿಕೊಂಡ ಮೊಣಕಾಲಿನ ನೀರು ಅವಕ್ಕೆ ಆಗಿಬರುವುದಿಲ್ಲ ಅಕ್ಕ" ಎಂದೆ.

ಅಕ್ಕ ಕೆಂಡವಾದರು. "ನನ್ನ ಮಾಲ್ ಹಾಳ್ ಅಂದವ್ರ್ ಇಲ್ಲಿ ತನ್ಕ ಒಬ್ರೂ ಇಲ್ಲ!"

ಡಾಕ್ಟರು ಎಷ್ಟು ಬೈದರೂ ಮಾತ್ರೆ, ವ್ಯಾಯಾಮ ಎಂದರೆ ಮೂಗು ಮುರಿಯುತ್ತಿದ್ದವರು ಅಂದಿನಿಂದ ಎರಡನ್ನೂ ಬಿಡಲಿಲ್ಲ. ಊತ ಇಳಿಯಿತು. ಮಣೆಯ ಮೇಲೆ ಕೂತುಕೊಂಡೇ ನನಗೆ ಫೋನ್ ಮಾಡಿದರು.

"ಹ್ವಾಯ್, ಬೇಗ ಬಾ. ಈಗ ತಾಜಾ ಇತ್ತ್!"

೩. ಬಸ್ಸಿನಲ್ಲಿ

ಡಾಕ್ಟರು ಮತ್ತೆ ತೆಗೆದುಕೊಟ್ಟ ಆ ತಾಜಾ ನೀರನ್ನು ಐಸ್ ಪೆಟ್ಟಿಗೆಯಲ್ಲಿಟ್ಟು, ಎದೆಗವಚಿಕೊಂಡು ಕುಂದಾಪುರದಲ್ಲಿ ಬಸ್ ಹತ್ತಿದೆ. ಕಂಡಕ್ಟರ್ ಮೂಗು ಮುಚ್ಚಿಕೊಂಡ.

"ತಂಗಿ, ಮೀನ್ ಪೆಟ್ಟಿ ಒಳ್ಗೆ ತಪ್ಪುಕಾಗ, ಕೆಳ್ಗಿಳ್ಸ್."

"ಮೀನಲ್ಲ ಮಾರಾಯ್ರೆ, ಮೊಣಕಾಲಿನ ನೀರು! ಪರೀಕ್ಷೆಗೆ!"

ಇಡೀ ಬಸ್ಸು ತಿರುಗಿತು. ಪಕ್ಕದ ಅಜ್ಜಿಯಂತೂ ಆಗಲೇ ಸೀರೆ ಮೇಲೆ ಸರಿಸಿದ್ದರು.

"ಹಾಂಗಾರೆ ನಂದೂ ತೆಗಿ ಮಗಾ. ಕೋಟ ಬಪ್ಪುದ್ರೊಳ್ಗೆ ಮುಗ್ಸ್, ನಾನ್ ಅಲ್ಲಿ ಇಳೂಕ್."

೪. ಮರಿ

ಈ ಸಲ ಕಟ್ಟಿತು! ಮೈಕ್ರೋಸ್ಕೋಪಿನಡಿ ಬೆಳ್ಳಗೆ, ಗುಂಡಗೆ, ಬೆಂದ ಸಾಬಕ್ಕಿಯ ಹಾಗೆ. ನಾನು ಕಿರುಚಿದ್ದಕ್ಕೆ ಹಾವು ಬಂತೆಂದು ವಾಚ್‌ಮನ್ ಕೋಲು ಹಿಡಿದು ಓಡಿ ಬಂದ. ಕೆಲಸ ನಿಲ್ಲಿಸುವ ಮಾತಾಡಿದ್ದ ಮೇಡಂ ಅವನನ್ನೇ ತಬ್ಬಿಕೊಳ್ಳುವುದೊಂದು ಬಾಕಿ. ಅಕ್ಕನಿಗೆ ತೋರಿಸದಿದ್ದರೆ ಹೇಗೆಂದು ಅಂದೇ ಕರೆಸಿದೆವು.

ಅಕ್ಕ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರು. ಆಮೇಲೆ ಬರಿಗಣ್ಣಿನಲ್ಲಿ ಅದರಡಿಯ ಗಾಜಿನ ತಟ್ಟೆ ನೋಡಿದರು. ಸಾಸಿವೆಗಿಂತ ಚಿಕ್ಕದು. ಏನು ಹೊಗಳುತ್ತಾರೋ ಎಂದು ನಾವೆಲ್ಲ ಕಾದೆವು. ಅಕ್ಕ ಹಣೆ ಚಚ್ಚಿಕೊಂಡು, ಕುರ್ಚಿಯಲ್ಲಿ ಕೂತು, ಮೊಣಕಾಲು ಮುಂದೆ ಚಾಚಿದರು.

"ಎಂತ ಮಾರಾಯ್ತಿ, ಇಷ್ಟ್ ಸಣ್ಣ ಮರಿ ಹಿಡುಕಾಗ! ವಾಪಸ್ ನೀರಿಗ್ ಬಿಡ್, ಬೆಳೀಲಿ!"