ಟೇಪು ಹಿಡಿದು ಪಕ್ಷಪಾತ ಅಳೆದೆ!

ನಮ್ಮೂರಿನ ಪೇಪರಿನ ಪಕ್ಷಪಾತವನ್ನು ಇಂಚಿಂಚಾಗಿ ಅಳೆದು ಬಯಲಿಗೆಳೆಯುತ್ತೇನೆಂದು ಕತ್ತರಿ ಮುಟ್ಟಿ ಶಪಥ ಮಾಡಿದೆ. ನಾನೇನು ಸಾಮಾನ್ಯನೇ? ಶಾಲೆಯ ಹೊಸ್ತಿಲು ತುಳಿಯದೆ, ಅಂಗಿಯ ಅಚ್ಚು ಕತ್ತರಿಸಲು ತಂದ ಹಳೇ ಪೇಪರುಗಳಲ್ಲೇ ಅಕ್ಷರ ಕಲಿತ ದರ್ಜಿ!

ವಿಷಯವಿಷ್ಟೇ. ಹೊಸ ಸೇತುವೆಯ ಗುತ್ತಿಗೆಗಾಗಿ ನಮ್ಮ ಗಂಟೆ ಪಕ್ಷಕ್ಕೂ ಎದುರಿನ ದೋಣಿ ಪಕ್ಷಕ್ಕೂ ಜಟಾಪಟಿ. ಪೇಪರಿನಲ್ಲಿ ಇಬ್ಬರ ಹೇಳಿಕೆಯೂ ಅಕ್ಕಪಕ್ಕ ಬಂದಿತ್ತು. ಕೊರಳಲ್ಲಿದ್ದ ಅಳತೆಯ ಟೇಪು ಎಳೆದೆ. ದೋಣಿಗೆ ಹದಿನಾಲ್ಕು ಇಂಚು, ಗಂಟೆಗೆ ಹನ್ನೆರಡು!

"ನೋಡೇ, ಈ ಪೇಪರಿನವನು ಹಾಡಹಗಲೇ ನಮ್ಮ ಎರಡಿಂಚು ನುಂಗಿದಾನೆ!" ಎಂದು ಗುಡುಗಿದೆ.

"ನುಂಗ್ಲಿ ಬಿಡಿ. ನನ್ನ ತಮ್ಮನ ಕೋಟು ಯಾವಾಗ ಕತ್ತರಿಸ್ತೀರಿ? ನಮ್ಮ ಮಗಳ ಮದುವೆಗೆ ಬರೀ ಮೈಯಲ್ಲಿ ನಿಲ್ಬೇಕಾ ಅವನು?" ಎಂದಳು ಹೆಂಡತಿ, ಗುಂಡಿ ಹಚ್ಚುತ್ತಾ.

ಅಷ್ಟರಲ್ಲಿ ಆ ತಮ್ಮನೇ ಅಳತೆ ಕೊಡಲು ಬಂದ. ಅಪ್ಪಟ ದೋಣಿ ಆಸಾಮಿ! ಬಲತೋಳು ಅಳೆಯುವಾಗ ಮಗುವಿನಂತೆ ನಿಂತಿದ್ದ. ಎಡತೋಳಿಗೆ ಬಂದಾಗ ಬಾಯಿ ತೆರೆದ.

"ಪೇಪರಿನವ್ರದ್ದು ಏನೂ ತಪ್ಪಿಲ್ಲ ಭಾವ. ನಿಮ್ಮ ನಾಯಕರ ಹತ್ರ ಹೇಳೋಕೆ ಸರಕೇ ಇರ್ಲಿಲ್ಲ."

"ಸರಕಾ? ತೋಳು ನೆಟ್ಟಗಿಡೋ, ಬಾಡಿಗೆ ಬಾಯಿ!"

ರಕ್ತ ಕೊತಕೊತ ಕುದಿಯಿತು. ಆ ಕುದಿಯಲ್ಲೇ ಅಳೆದೆ, ಕತ್ತರಿಸಿದೆ, ಹೊಲಿದೆ. ಹೊಲಿಯುವಾಗಲೂ ಬಾಯಿಗೆ ಬಿಡುವಿರಲಿಲ್ಲ. ಅಂಗಡಿಗೆ ಬಂದವರಿಗೆಲ್ಲ ಪೇಪರಿನ ಮೋಸವನ್ನು ಇಂಚಿನ ಲೆಕ್ಕದಲ್ಲಿ ಸಾರಿದೆ.

ಮದುವೆಯ ಬೆಳಿಗ್ಗೆ ಗಂಡಿನ ಕಡೆಯವರ ಬಸ್ಸು ಬೀದಿಯ ತುದಿಗೆ ಬಂದಿತ್ತು. ಭಾವಮೈದ ಕೋಟು ತೊಟ್ಟು ಕನ್ನಡಿಯ ಮುಂದೆ ನಿಂತ. ಬಲಗೈ ತೋಳು ಮಣಿಕಟ್ಟಿಗೆ ಸರಿಯಾಗಿ ಕೂತಿದೆ. ಎಡಗಡೆ ಮಾತ್ರ ಅರ್ಧ ಅಂಗೈಯೇ ನಾಪತ್ತೆ!

ಹೆಂಡತಿ ನನ್ನ ಕೊರಳಿನ ಟೇಪು ಕಿತ್ತುಕೊಂಡಳು. "ಇದರ ಮೊದಲ ಎರಡಿಂಚು ಇಲಿ ತಿಂದು ಎಷ್ಟು ಕಾಲ ಆಯ್ತು? ಬಂದ ಅಳತೇಲಿ ಎರಡು ಕಳೀಬೇಕು ಅಂತ ನೀವೇ ತಾನೇ ನಂಗೆ ಕಲಿಸಿದ್ದು?"

"ಕಳೆದಿದ್ದೆ ಕಣೇ..."

"ಎರಡೂ ತೋಳಿಗಾ?"

ನಾನು ಎಡತೋಳಿನ ತುದಿ ಮಡಿಚಲು ಹೋದೆ.

"ಎರಡೂ ಪಕ್ಷಕ್ಕಾ?"

ಗಂಟೆಗೂ ಬಲತೋಳಿಗೂ ಕಳೆದಿದ್ದೆ. ದೋಣಿಗೂ ಎಡತೋಳಿಗೂ ಸಿಟ್ಟಿನಲ್ಲಿ ಕಳೆಯುವುದನ್ನೇ ಮರೆತಿದ್ದೆ!

"ಬಿಚ್ಚೋ ಮಾರಾಯ, ಚಿಟಿಕೆ ಹೊಡೆಯೋದ್ರಲ್ಲಿ ಸರಿ ಮಾಡ್ತೀನಿ," ಎಂದು ಗೋಗರೆದೆ. ಊರಿಗೆಲ್ಲ ಬಟ್ಟೆ ಹೊಲಿದವನ ಮಾನ ಆ ತೋಳಿನ ತುದಿಯಲ್ಲಿ ನೇತಾಡುತ್ತಿತ್ತು.

ಅವನು ಉದ್ದದ ತೋಳನ್ನು ಬಾವುಟದಂತೆ ಬೀಸಿದ. "ಯಾಕೆ ಭಾವ? ನಮ್ಮ ಪಕ್ಷಕ್ಕೆ ಎರಡಿಂಚು ಜಾಸ್ತಿ ಕೊಟ್ಟಿದೀರಿ, ಬೀಗರೂ ನೋಡ್ಲಿ! ಬಿಚ್ಬೇಕು ಅಂದ್ರೆ ಪೇಪರಿನವನು ನ್ಯಾಯಸ್ಥ ಅಂತ ಜೋರಾಗಿ ಹೇಳಿ."

ಹೊರಗೆ ಬಸ್ಸಿನ ಹಾರನ್ ಕೇಳಿಸಿತು. ಅತ್ತಿತ್ತ ನೋಡಿ, ಗಂಟಲು ಸರಿಮಾಡಿಕೊಂಡು, "ನ್ಯಾಯಸ್ಥ..." ಎಂದೆ.

ಹೆಂಡತಿ ಸೂಜಿಗೆ ದಾರ ಪೋಣಿಸುತ್ತಾ ತಲೆಯೆತ್ತಿದಳು. "ಏನ್ರೀ, ಕೇಳಿಸ್ಲೇ ಇಲ್ಲ. ದನಿಯಲ್ಲೂ ಎರಡಿಂಚು ಕಳೆದ್ರಾ?"