ಬ್ಯಾಜರ್ ಬೆನ್ನಿನ ಬೋಳು

ಒದ್ದೆ ಶೇವಿಂಗ್ ಬ್ರಷ್ಷನ್ನು ಡಬ್ಬಿಯಲ್ಲಿ ಮುಚ್ಚಿಡಬಾರದು, ಕೂದಲು ಕೆಳಮುಖವಾಗಿರುವಂತೆ ಗಾಳಿಗೆ ತೂಗುಹಾಕಬೇಕು ಎಂದು ಅಂಗಡಿಯವನು ಹೇಳಿದ್ದ. ನುಣುಪಣ್ಣ ಆ ಮಾತನ್ನು ತಪ್ಪದೆ ಪಾಲಿಸಿದ್ದೇ ಎಲ್ಲ ತೊಂದರೆಗೂ ಮೂಲವಾಯಿತು.

ನುಣುಪಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ. ಕಾಲೇಜಿನ ಸತ್ತ ಪ್ರಾಣಿಗಳ ಸಂಗ್ರಹಾಲಯವನ್ನು ನೋಡಿಕೊಳ್ಳುತ್ತಿದ್ದ ಆತನ ಗಲ್ಲದ ಮೇಲೆ ಯಾರೂ ಎಂದೂ ಒಂದು ಕೂಳೆ ಕೂದಲನ್ನು ಕಂಡಿರಲಿಲ್ಲ. ಅದಕ್ಕೆ ಕಚೇರಿಯವರು ಇಟ್ಟ ಹೆಸರು ಅದು. ಇಷ್ಟು ವರ್ಷ ದುಡಿದರೂ ಆತನ ನೌಕರಿ ಕಾಯಂ ಆಗಿರಲಿಲ್ಲ. ಆ ದಿನ ಪ್ರಾಣಿಶಾಸ್ತ್ರದ ಹಿರಿಯ ಮೇಡಂ ಒಬ್ಬರು ತಪಾಸಣೆಗೆ ಬರುವವರಿದ್ದರು. ಅವರು ಮೆಚ್ಚಿದರೆ ಅಂದೇ ಕಾಯಂ ಮಾಡುತ್ತೇನೆಂದು ಪ್ರಿನ್ಸಿಪಾಲರು ಮಾತು ಕೊಟ್ಟಿದ್ದರು.

ಅಂಥ ದಿನಕ್ಕೆಂದೇ ಆತ ಹಿಂದಿನ ಸಂಜೆ ಬ್ಯಾಜರ್ ಕೂದಲಿನ ಶೇವಿಂಗ್ ಬ್ರಷ್ ಕೊಂಡಿದ್ದ. ಬ್ಯಾಜರ್ ಎಂದರೆ ಬಿಲ ತೋಡಿಕೊಂಡು ಬದುಕುವ, ಮುಖದ ಮೇಲೆ ಕಪ್ಪು ಬಿಳಿ ಪಟ್ಟೆಯುಳ್ಳ ಗಿಡ್ಡ ಪ್ರಾಣಿ. ಸಂತೆಯಲ್ಲಿ ಎಮ್ಮೆಯ ಹಲ್ಲು ನೋಡುವವನಂತೆ ಆತ ಒಂದೊಂದು ಬ್ರಷ್ಷನ್ನೂ ತಿರುಗಿಸಿ ನೋಡಿದ. ಕೆನ್ನೆಗೆ ಸವರಿ ಕಣ್ಣು ಮುಚ್ಚಿದ. ತುದಿ ಮೆತ್ತಗಿರಬೇಕು, ಆದರೆ ಒತ್ತಿದರೆ ಕೂದಲು ಸೋತು ಮಲಗಬಾರದು. ಎಳೆದರೆ ಒಂದು ಎಳೆಯೂ ಕೈಗೆ ಬರಬಾರದು. ಕೊನೆಗೆ ಬಿಳಿ ತುದಿ, ನಡುವೆ ಕಪ್ಪು ಪಟ್ಟೆ, ಕೆನೆಬಣ್ಣದ ಬುಡ ಇರುವ ಒಂದನ್ನು ಆರಿಸಿದ. ಬೆಳಗ್ಗೆ ಉಗುರುಬೆಚ್ಚಗಿನ ನೀರಿನಲ್ಲಿ ನೆನೆಸಿ, ನೊರೆ ಎಬ್ಬಿಸಿದಾಗ ಮುಖಕ್ಕೆ ಮೋಡ ತಾಗಿದಂತಾಯಿತು.

ಮನೆಯಲ್ಲಿ ಅದನ್ನು ಒಣಗಲು ಬಿಡುವಂತಿರಲಿಲ್ಲ. ಹಳೆಯ ಬ್ರಷ್ಷಿನಿಂದ ಕಿರಿಯ ಮಗಳು ಬೂಟಿಗೆ ಪಾಲಿಶ್ ಹಚ್ಚಿದ್ದಳು. ಆದ್ದರಿಂದ ಅದನ್ನು ಕರವಸ್ತ್ರದಲ್ಲಿ ಸುತ್ತಿ ತಂದು, ಸಂಗ್ರಹಾಲಯದ ಕಿಟಕಿಯ ಸರಳಿಗೆ ದಾರದಿಂದ ತೂಗುಹಾಕಿದ. ಆ ಕಿಟಕಿಯ ಪಕ್ಕದ ಗಾಜಿನ ಬೀರುವಿನಲ್ಲೇ, ನಲವತ್ತು ವರ್ಷಗಳಿಂದ, ಹುಲ್ಲು ತುಂಬಿದ ಬ್ಯಾಜರ್ ನಿಂತಿತ್ತು.

ಬೀರು ಒರೆಸುತ್ತಿದ್ದ ಗುಡಿಸುವ ಅಕ್ಕ ಕೂಗಿದಳು: "ಅಣ್ಣಾ, ಬೇಗ ಬಾ! ನಿನ್ನ ಪ್ರಾಣಿ ಬೆನ್ನು ಬೋಳಾಗಿದೆ!"

ನುಸಿ ತಿಂದಿತ್ತು. ಬೆನ್ನಿನ ಮೇಲೆ ಒಂದು ಅಂಗಿಗುಂಡಿಯಷ್ಟಗಲ ಬರಿಯ ಚರ್ಮ.

ಕೂಗು ಕೇಳಿ ಕಚೇರಿಯ ಗುಮಾಸ್ತರು ಬಂದರು. ಬೋಳನ್ನು ನೋಡಿದರು, ಕಿಟಕಿಯ ಬ್ರಷ್ಷನ್ನು ನೋಡಿದರು, ಮತ್ತೆ ಬೋಳನ್ನು ನೋಡಿದರು.

"ಏನಪ್ಪಾ ಇದು? ಯಾವ ಕೂದಲಿನ ಬ್ರಷ್ಷು ಅದು?"

"ಬ್ಯಾಜರ್ ಸಾರ್. ಆದರೆ ಅಂಗಡೀದು ಸಾರ್, ದೇವರಾಣೆ!"

"ನಾನು ನಂಬ್ತೀನಿ ಮಾರಾಯ. ಮೇಡಂ ನಂಬ್ತಾರಾ? ಮೊದಲು ಆ ಬೋಳು ಮುಚ್ಚು."

"ಹೇಗೆ ಸಾರ್?"

"ಅಯ್ಯೋ, ಈ ವಿದ್ಯೆ ನನ್ನನ್ನು ಕೇಳು!" ಎಂದು ಗುಮಾಸ್ತರು ಜೇಬಿನಿಂದ ಬಾಚಣಿಗೆ ತೆಗೆದರು. ಅವರ ತಲೆಯ ಎಡಗಡೆಯ ನಾಲ್ಕು ಎಳೆಗಳು ಬಹುಕಾಲದಿಂದ ಬಲಗಡೆಯ ಮಾನ ಕಾಯುತ್ತಿದ್ದವು. ಅದೇ ಕ್ರಮದಲ್ಲಿ ನೀರು ಚಿಮುಕಿಸಿ, ಪಕ್ಕದ ಕೂದಲನ್ನು ಬೋಳಿನ ಮೇಲೆ ಎಳೆದು ಬಾಚಿದರು. ಎಳೆದ ಕೂದಲೆಲ್ಲ ಬಾಚಣಿಗೆಯ ಜೊತೆಗೇ ಬಂತು. ಬೋಳು ಅಂಗೈಯಗಲವಾಯಿತು.

"ನಿಮ್ಮ ತಲೇನೂ ಹೀಗೇ ಆಯ್ತಾ ಸಾರ್?" ಎಂದಳು ಅಕ್ಕ.

"ನೀನು ಬಾಯಿ ಮುಚ್ಚಿ ಕಸ ಗುಡಿಸು!"

ಅಕ್ಕ ಬಾಯಿ ಮುಚ್ಚಲಿಲ್ಲ. "ಗೋಡೆ ಕಿತ್ತುಬಂದ್ರೆ ಗಾರೆ ಮೆತ್ತಲ್ವಾ? ಆ ಬ್ರಷ್ಷಿನ ಕೂದಲೇ ಅಂಟಿಸಿದ್ರಾಯ್ತು."

ನುಣುಪಣ್ಣ ಕಿಟಕಿಗೆ ಅಡ್ಡ ನಿಂತ. "ಒಂದೇ ಒಂದು ಸಲ ಮುಖಕ್ಕೆ ಹಚ್ಚಿದ್ದೀನಿ ಅಕ್ಕಾ."

"ಮುಖ ಆಮೇಲೆ. ನೌಕರಿ ಬೇಕೋ ಬೇಡವೋ?" ಎಂದರು ಗುಮಾಸ್ತರು.

ನೌಕರಿ ಬೇಕಾಗಿತ್ತು. ಆತ ಬ್ಲೇಡು ಹಿಡಿದು, ಮುದ್ದಿನ ಕೂಸಿಗೆ ಚುಚ್ಚುಮದ್ದು ಹಾಕಿಸುವವನಂತೆ ಮುಖ ತಿರುಗಿಸಿಕೊಂಡು, ಬ್ರಷ್ಷಿನ ಕೂದಲನ್ನು ಬುಡಕ್ಕೇ ಕತ್ತರಿಸಿದ. ಗುಮಾಸ್ತರು ಗೋಂದು ಬಳಿದರು. ಅಕ್ಕ ಚಿಟಿಕೆ ಚಿಟಿಕೆಯಾಗಿ ಕೂದಲು ನೆಟ್ಟಳು. ಹೊರಗೆ ಕಾರು ನಿಂತ ಸದ್ದಾಗುವಷ್ಟರಲ್ಲಿ ಬೋಳು ಮಾಯವಾಗಿತ್ತು. ನುಣುಪಣ್ಣನ ಕೈಯಲ್ಲಿ ಬ್ರಷ್ಷಿನ ಬರಿಯ ಹಿಡಿ ಉಳಿದಿತ್ತು.

ಮೇಡಂ ಭೂತಕನ್ನಡಿ ಹಿಡಿದು ಬಂದರು. ಪ್ರಿನ್ಸಿಪಾಲರು ಹಿಂದೆ ಕೈಕಟ್ಟಿ ನಡೆದರು. ಹಾವುಗಳು ಪಾಸಾದವು. ಗೂಬೆ ಪಾಸಾಯಿತು. ಬ್ಯಾಜರ್ ಮುಂದೆ ಮೇಡಂ ನಿಂತರು, ಬಗ್ಗಿದರು, ಬೀರು ತೆರೆಸಿದರು, ಕಿವಿಯ ಹಿಂದೆ ಬೆರಳಾಡಿಸಿದರು.

"ಇದು ಬ್ಯಾಜರ್ ಅಲ್ಲ," ಎಂದರು. "ನಾಯಿ ಚರ್ಮ. ಪಟ್ಟೆ ಬಣ್ಣದಲ್ಲಿ ಬರೆದದ್ದು."

ನುಣುಪಣ್ಣನಿಗೆ ಮೊದಲು ಭಯವಾಯಿತು, ಮರುಕ್ಷಣವೇ ನೆಮ್ಮದಿಯಾಯಿತು. ತಾನು ನೌಕರಿಗೆ ಸೇರುವ ಮುಂಚೆಯೇ ಬಂದ ಪ್ರಾಣಿ ಅದು. ನಾಯಿಯಾದರೇನು, ನರಿಯಾದರೇನು, ತನ್ನ ತಪ್ಪಲ್ಲ.

ಪ್ರಿನ್ಸಿಪಾಲರೂ ಅದನ್ನೇ ಹೇಳಿದರು: "ಹಾಗಾದರೆ ಕೊಳ್ಳುವಾಗಲೇ ಯಾರೋ ಟೋಪಿ ಹಾಕಿದ್ದಾರೆ ಮೇಡಂ."

"ನಾನೂ ಹಾಗೇ ಅಂದ್ಕೊಂಡೆ," ಎಂದು ಮೇಡಂ ಭೂತಕನ್ನಡಿಯನ್ನು ಪ್ರಾಣಿಯ ಬೆನ್ನಿಗೆ ತಂದರು. "ಆದರೆ ಇಲ್ಲಿ ನೋಡಿ. ಈ ಅಂಗೈಯಗಲ ಮಾತ್ರ ಅಪ್ಪಟ ಬ್ಯಾಜರ್. ಬಹಳ ಒಳ್ಳೇ ಕೂದಲು. ಎಷ್ಟು ಚೆನ್ನಾಗಿ ತೊಳೆದು ಒಣಗಿಸಿದ್ದಾರೆ! ಅಂದರೆ ಇಲ್ಲಿ ಅಸಲಿ ಪ್ರಾಣಿ ಇತ್ತು. ಯಾರೋ ಅದನ್ನ ಸಾಗಿಸಿ, ನಾಯಿ ತಂದು ನಿಲ್ಲಿಸಿ, ಅನುಮಾನ ಬರದೇ ಇರಲಿ ಅಂತ ಒಂದು ಚೂರು ಮಾತ್ರ ಬಿಟ್ಟಿದ್ದಾರೆ. ಗೋಂದು ಇನ್ನೂ ಹಸಿ ಇದೆ. ಈ ಬೀರು ಕೀಲಿ ಯಾರ ಹತ್ತಿರ ಇರುತ್ತೆ?"

ಕೀಲಿ ನುಣುಪಣ್ಣನ ಸೊಂಟದಲ್ಲಿ ನೇತಾಡುತ್ತಿತ್ತು. ಗುಮಾಸ್ತರು ಸೂರಿನ ಜೇಡರ ಬಲೆಯನ್ನು ಪರೀಕ್ಷಿಸತೊಡಗಿದರು. ಅಕ್ಕ ಪೊರಕೆ ಎತ್ತಿಕೊಂಡು ಗುಡಿಸಿದ ಜಾಗವನ್ನೇ ಮತ್ತೆ ಗುಡಿಸಿದಳು.

ಸುಳ್ಳು ಹೇಳಿ ಅಭ್ಯಾಸವಿಲ್ಲದ ನುಣುಪಣ್ಣ ಸತ್ಯವನ್ನೇ ಹೇಳಿದ. ಅಂಗಡಿ, ನುಸಿ, ಬಾಚಣಿಗೆ, ಗೋಂದು ಎಲ್ಲವನ್ನೂ ಹೇಳಿ, ಸಾಕ್ಷಿಗೆ ಬೋಳು ಹಿಡಿಯನ್ನು ಚಾಚಿದ.

ಪ್ರಿನ್ಸಿಪಾಲರು ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. "ತನ್ನ ಬ್ರಷ್ಷು ಕತ್ತರಿಸಿ ಸತ್ತ ನಾಯಿಗೆ ಅಂಟಿಸೋನು ಲೋಕದಲ್ಲಿ ಇದ್ದಾನೇನಯ್ಯಾ? ಪ್ರಾಣಿ ಕೂದಲು ಕಿತ್ತು ಬ್ರಷ್ಷು ಮಾಡಿ ಮಾರ್ತಿದ್ದೆ ಅನ್ನು. ಇನ್ನೂ ಎಷ್ಟು ಹಿಡಿ ಇಟ್ಟಿದ್ದೀಯ ಮನೇಲಿ?"

"ಸಾರ್, ಬೇಕಾದರೆ ಈ ಗುಮಾಸ್ತರನ್ನ ಕೇಳಿ!"

"ಬಾಚಣಿಗೆಯೇ? ನನಗೇಕಪ್ಪಾ ಬಾಚಣಿಗೆ?" ಎಂದು ಗುಮಾಸ್ತರು, ಮೊದಲ ಬಾರಿಗೆ, ತಮ್ಮ ತಲೆಯನ್ನು ಎಲ್ಲರ ಮುಂದೆ ಬಗ್ಗಿಸಿ ತೋರಿಸಿದರು.

ಮೇಡಂ ಕರುಣಾಳು. ಪೊಲೀಸರನ್ನು ಕರೆಯುವುದು ಬೇಡ, ಬಡವ, ತಿದ್ದಿಕೊಳ್ಳಲಿ ಎಂದರು. ಪ್ರಿನ್ಸಿಪಾಲರು ಸ್ವಲ್ಪ ಯೋಚಿಸಿ ಒಪ್ಪಿದರು. ಕೊಟ್ಟ ಮಾತನ್ನೂ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ನಿನ್ನ ನೌಕರಿ ಕಾಯಂ ಮಾಡ್ತೀನಯ್ಯಾ," ಎಂದರು. "ಆ ಅಸಲಿ ಬ್ಯಾಜರ್ ತಂದು ಇಲ್ಲಿ ನಿಲ್ಲಿಸಿದ ದಿನ."